ಮೊಬೈಲ್ ಛಾಯಾಗ್ರಹಣ ಮತ್ತು ಸ್ವತಂತ್ರ ಕ್ಯಾಮೆರಾ

ಸ್ಮಾರ್ಟ್‌ಫೋನಿನಲ್ಲಿ ಅಡಕವಾಗಿರುವ ಪುಟ್ಟ ಕ್ಯಾಮೆರಾ, ಪ್ರೊಸೆಸರ್ ಮತ್ತು ತಂತ್ರಾಂಶ ಈ ಮೂರೂ ಕೂಡಿ ಸ್ಥಿರಚಿತ್ರ ಅಥವಾ ವಿಡಿಯೊ ರೂಪಿಸುವ ಕ್ರಮಕ್ಕೆ ಮೊಬೈಲ್ ಛಾಯಾಗ್ರಹಣವೆಂದು ಹೆಸರು. ಚಿತ್ರ ತೆಗೆಯುವುದಕ್ಕೆಂದೇ ತಯಾರಾದ ಉಪಕರಣ ಸ್ವತಂತ್ರ ಕ್ಯಾಮೆರಾ. ಬೆಳಕನ್ನು ಮಸೂರದಿಂದ ಕೂಡಿಸಿ ಸಂವೇದಕದ ಮೇಲೆ ಬೀಳಿಸಿ ಅಂಕಿಗಳಾಗಿ ಬದಲಿಸುವುದು ಎರಡಕ್ಕೂ ಸಮಾನವಾದ ತತ್ತ್ವ. ವ್ಯತ್ಯಾಸ ಹುಟ್ಟುವುದು ಒಳಗೆ ಬರುವ ಬೆಳಕಿನ ಪ್ರಮಾಣದಲ್ಲಿ. ಸ್ವತಂತ್ರ ಕ್ಯಾಮೆರಾ ಹೆಚ್ಚು ಬೆಳಕನ್ನು ಗಾಜಿನ ಮೂಲಕ ದೊರಕಿಸಿಕೊಳ್ಳುತ್ತದೆ, ಮೊಬೈಲು ಬೆಳಕಿನ ಕೊರತೆಯನ್ನು ಲೆಕ್ಕದಿಂದ ತುಂಬಿಕೊಳ್ಳುತ್ತದೆ.

ಪರಿಭಾಷೆ

ಸೆನ್ಸರ್ ಎಂದು ರೂಢಿಯಲ್ಲಿರುವ ಭಾಗವನ್ನು ಇಲ್ಲಿ ಸಂವೇದಕವೆಂದೂ ಲೆನ್ಸನ್ನು ಮಸೂರವೆಂದೂ ಅಪರ್ಚರನ್ನು ದ್ಯುತಿರಂಧ್ರವೆಂದೂ ಕರೆಯಲಾಗಿದೆ. ಮಸೂರದ ನಾಭಿದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಎಫ್ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು. ಬೆಳಕು ಇಮ್ಮಡಿಯಾಗುವ ಅಥವಾ ಅರ್ಧವಾಗುವ ಒಂದು ಮೆಟ್ಟಿಲಿಗೆ ಸ್ಟಾಪ್ ಎನ್ನುತ್ತಾರೆ. ಮಬ್ಬು ಬೆಳಕಿನ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುವ ಕಲೆಗಳು ನಾಯ್ಸ್. ಫಿಲ್ಮಿನ ಕಾಲದವರು ಅದನ್ನು ಈಗಲೂ ಗ್ರೇನ್ಸ್ ಎನ್ನುವುದುಂಟು.

ಆಡುಮಾತಿನಲ್ಲಿ ದೊಡ್ಡ ಕ್ಯಾಮೆರಾಗಳೆಲ್ಲವೂ ‘ಡಿಎಸ್‌ಎಲ್‌ಆರ್’. ಒಳಗೆ ಕನ್ನಡಿ ಇರುವುದನ್ನು ಮಾತ್ರ ಹಾಗೆ ಕರೆಯುವುದು ಸರಿ. ಕನ್ನಡಿ ಇಲ್ಲದ್ದು ಮಿರರ್‌ಲೆಸ್. ಇಂದು ಹೊಸದಾಗಿ ಮಾರಾಟವಾಗುವ, ಮಸೂರ ಬದಲಿಸಬಹುದಾದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಎರಡನೆಯ ಜಾತಿಯವು.

ಉಗಮ

ಎರಡು ಉಪಕರಣಗಳಿಗೂ ಮೂಲ ಒಂದೇ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಸಿಸಿಡಿ ಎಂಬ ಸಂವೇದಕವನ್ನು ರೂಪಿಸಿದರು; 2009ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಇಬ್ಬರಿಗೂ ಪಾಲು ದೊರೆಯಿತು. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾದ ಮಾದರಿಯನ್ನು ಕಟ್ಟಿದರು. ಅದರ ಚಿತ್ರದಲ್ಲಿದ್ದದ್ದು ಹತ್ತು ಸಾವಿರ ಪಿಕ್ಸೆಲ್. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯಲು 23 ಸೆಕೆಂಡ್ ಹಿಡಿಯುತ್ತಿತ್ತು. ಅದೇ ಕಂಪನಿಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಕೆಂಪು, ಹಸಿರು, ನೀಲಿ ಚೌಕಗಳ ಜಾಲರಿಯನ್ನು ಇಂದಿನ ಬಹುಪಾಲು ಸಂವೇದಕಗಳು ಹೊದ್ದುಕೊಂಡಿವೆ, ಅವು ಮೊಬೈಲಿನಲ್ಲಿರಲಿ, ಕ್ಯಾಮೆರಾದಲ್ಲಿರಲಿ. ಸಿಸಿಡಿಗೆ ವಿದ್ಯುತ್ ಹೆಚ್ಚು ಬೇಕು. 1990ರ ದಶಕದ ಮೊದಲ ವರ್ಷಗಳಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಎರಿಕ್ ಫಾಸಮ್ ಮತ್ತು ಸಂಗಡಿಗರು ಬೆಳೆಸಿದ ಸಿಮಾಸ್ ಸಂವೇದಕಕ್ಕೆ ಕಡಿಮೆ ವಿದ್ಯುತ್ ಸಾಕಾಯಿತು. ಕ್ಯಾಮೆರಾ ಜೇಬಿನ ಫೋನಿನೊಳಗೆ ಹೊಕ್ಕದ್ದು ಈ ದಾರಿಯಿಂದ.

1997ರ ಜೂನ್ 11ರಂದು ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್‌ನಲ್ಲಿ ತಂತ್ರಾಂಶ ಉದ್ಯಮಿ ಫಿಲಿಪ್ ಕಾನ್ ಆಗಷ್ಟೇ ಹುಟ್ಟಿದ ಮಗಳ ಚಿತ್ರವನ್ನು ಕ್ಯಾಮೆರಾ, ಲ್ಯಾಪ್‌ಟಾಪ್ ಮತ್ತು ಮೊಬೈಲುಗಳನ್ನು ಜೋಡಿಸಿ ಪರಿಚಿತರಿಗೆ ಕಳಿಸಿದರು. ಜಪಾನಿನಲ್ಲಿ 1999ರಲ್ಲಿ ಕ್ಯೋಸೆರಾ ವಿಪಿ-210, 2000ದಲ್ಲಿ ಶಾರ್ಪ್ ಜೆ-ಎಸ್‌ಎಚ್04 ಮಾರುಕಟ್ಟೆಗೆ ಬಂದವು. ಎರಡರ ಸಂವೇದಕಗಳೂ ಸುಮಾರು 1.1 ಲಕ್ಷ ಪಿಕ್ಸೆಲ್‌ನವು. 2007ರ ನೋಕಿಯಾ ಎನ್95 ಫೋನಿನಲ್ಲಿ 5 ಮೆಗಾಪಿಕ್ಸೆಲ್ ಕ್ಯಾಮೆರಾ ಇತ್ತು. ಅದೇ ವರ್ಷದ ಮೊದಲ ಐಫೋನಿನದು 2 ಮೆಗಾಪಿಕ್ಸೆಲ್ ಮಾತ್ರ. ಫ್ಲ್ಯಾಶ್ ಇರಲಿಲ್ಲ, ವಿಡಿಯೊ ಇರಲಿಲ್ಲ, ಫೋಕಸ್ ಬದಲಿಸಲೂ ಬರುತ್ತಿರಲಿಲ್ಲ. ಮುಂದಿನ ದಶಕ ಸಾಗಿದ್ದು ಎರಡನೆಯದರ ಹಾದಿಯಲ್ಲಿ ಎಂಬುದನ್ನು ಗಮನಿಸಬೇಕು. ತೆಗೆದ ಚಿತ್ರವನ್ನು ಅಲ್ಲೇ ತಿದ್ದಿ ಅಲ್ಲಿಂದಲೇ ಹಂಚುವ ಸೌಕರ್ಯ ಚಿತ್ರದ ಗುಣಮಟ್ಟಕ್ಕಿಂತ ಹೆಚ್ಚು ತೂಗಿತು.

ಗಾಜು ಮತ್ತು ಸಂವೇದಕವನ್ನೇ ನೆಚ್ಚಿ ಮೊಬೈಲನ್ನು ಮೇಲೆತ್ತುವ ಪ್ರಯತ್ನ 2012ರ ನೋಕಿಯಾ 808 ಪ್ಯೂರ್‌ವ್ಯೂ. 41 ಮೆಗಾಪಿಕ್ಸೆಲ್‌ನ ಅದರ ಸಂವೇದಕ ಆ ಕಾಲದ ಅನೇಕ ಪುಟ್ಟ ಕ್ಯಾಮೆರಾಗಳ ಸಂವೇದಕಕ್ಕಿಂತ ದೊಡ್ಡದಿತ್ತು.

ಸಂವೇದಕ ಮತ್ತು ಮಸೂರ

ಫುಲ್ ಫ್ರೇಮ್ ಎನ್ನುವ ಕ್ಯಾಮೆರಾದ ಸಂವೇದಕ ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ಇರುತ್ತದೆ: 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಎಪಿಎಸ್-ಸಿ ಸಂವೇದಕ ಸುಮಾರು 370, ಮೈಕ್ರೊ ಫೋರ್ ಥರ್ಡ್ಸ್ 225, ಒಂದು ಇಂಚಿನದೆಂದು ಕರೆಯುವುದು ಸುಮಾರು 116 ಚದರ ಮಿ.ಮೀ. ಒಂದು ಇಂಚಿನ ಸಂವೇದಕದಲ್ಲಿ ಯಾವ ಬದಿಯೂ ಒಂದು ಇಂಚು ಉದ್ದವಿಲ್ಲ. ಟೆಲಿವಿಷನ್ ಕ್ಯಾಮೆರಾದ ಹಳೆಯ ಗಾಜಿನ ಕೊಳವೆಗಳ ಹೊರವ್ಯಾಸದಿಂದ ಬಂದ ಅಳತೆ ಅದು. ಇಂದಿಗೂ ಕೊಳ್ಳುವವರನ್ನು ತಪ್ಪುದಾರಿಗೆ ಎಳೆಯುತ್ತಿದೆ. ದುಬಾರಿ ಮೊಬೈಲಿನ ಮುಖ್ಯ ಸಂವೇದಕ ಸಾಮಾನ್ಯವಾಗಿ 70 ಚದರ ಮಿ.ಮೀ. ಆಸುಪಾಸಿನದು. ಅಗ್ಗದ ಮೊಬೈಲುಗಳಲ್ಲಿ ಅದರ ಮೂರನೆಯ ಒಂದು ಪಾಲಷ್ಟೇ ಇರುವುದೂ ಉಂಟು.

ಈ ಅಂತರವನ್ನು ಎಫ್ ಸಂಖ್ಯೆ ಮರೆಮಾಚುತ್ತದೆ. ಮೊಬೈಲಿನ ಮೇಲೆ ಎಫ್/1.8 ಎಂದಿದ್ದರೆ ದೊಡ್ಡ ಕ್ಯಾಮೆರಾದ ಎಫ್/1.8 ಮಸೂರಕ್ಕೆ ಸಮನೆಂದು ತೋರುವುದು ಸಹಜ. ಆದರೆ ಮೊಬೈಲಿನ ಮಸೂರದ ನಾಭಿದೂರ ಸುಮಾರು 7 ಮಿ.ಮೀ.; ಹಾಗಾಗಿ ರಂಧ್ರದ ವ್ಯಾಸ 4 ಮಿ.ಮೀ.ಗಿಂತಲೂ ಕಡಿಮೆ. ಅಷ್ಟೇ ಅಗಲದ ನೋಟವನ್ನು ಫುಲ್ ಫ್ರೇಮಿನಲ್ಲಿ ಹಿಡಿಯುವ 24 ಮಿ.ಮೀ. ಮಸೂರಕ್ಕೆ ಎಫ್/1.8ರಲ್ಲಿ 13 ಮಿ.ಮೀ. ಮೀರಿದ ರಂಧ್ರವಿರುತ್ತದೆ. ಒಂದೇ ದೃಶ್ಯದಿಂದ ಒಂದೇ ಅವಧಿಯಲ್ಲಿ ಒಳಬರುವ ಬೆಳಕಿನಲ್ಲಿ ಸುಮಾರು 12 ಪಟ್ಟು, ಅಂದರೆ ಮೂರೂವರೆ ಸ್ಟಾಪ್ ವ್ಯತ್ಯಾಸ. ಫೋಕಸ್ ಆದ ವಸ್ತುವಿನ ಹಿಂದುಮುಂದು ಎಷ್ಟು ದೂರ ಸ್ಪಷ್ಟವಾಗಿರುತ್ತದೆ ಎನ್ನುವುದೂ ಇದೇ ವ್ಯಾಸವನ್ನು ಅವಲಂಬಿಸಿದೆ. ಮೊಬೈಲಿನ ಎಫ್/1.8 ಈ ವಿಷಯದಲ್ಲಿ ಫುಲ್ ಫ್ರೇಮಿನ ಎಫ್/6.3ರಂತೆ ವರ್ತಿಸುತ್ತದೆ. ಹಿನ್ನೆಲೆ ತಾನಾಗಿ ಮಸುಕಾಗದಿರುವುದು ಇದರಿಂದ. ಕಾಗದಪತ್ರದ ನಕಲು, ಹತ್ತಿರದ ಹೂವು, ಇಡೀ ಊಟದ ಎಲೆಯ ಚಿತ್ರ ತೆಗೆಯುವವರಿಗೆ ಮಾತ್ರ ಇದು ಅನುಕೂಲವೇ.

ಮೆಗಾಪಿಕ್ಸೆಲ್ ಜಾಹೀರಾತುಗಳ ಅಚ್ಚುಮೆಚ್ಚಿನ ಅಳತೆ. 2019ರ ಕೊನೆಗೆ 108, 2022ರಲ್ಲಿ 200 ಮೆಗಾಪಿಕ್ಸೆಲ್ ಫೋನುಗಳು ಬಂದವು. 200 ಮೆಗಾಪಿಕ್ಸೆಲ್ ಸಂವೇದಕದಲ್ಲಿ ಒಂದೊಂದು ಪಿಕ್ಸೆಲ್ ಅಗಲ ಸುಮಾರು 0.6 ಮೈಕ್ರಾನ್. ಬೆಳಕು ಕಿರಿದಾದ ರಂಧ್ರವನ್ನು ಹಾಯುವಾಗ ಹರಡಿಕೊಳ್ಳುತ್ತದೆ. ಈ ವಿವರ್ತನೆಯಿಂದಾಗಿ ಎಫ್/1.8ರ ಮಸೂರ ಎಷ್ಟೇ ದೋಷರಹಿತವಾಗಿದ್ದರೂ ಹಸಿರು ಬೆಳಕಿನ ಒಂದು ಬಿಂದು ಸುಮಾರು 2.4 ಮೈಕ್ರಾನ್ ಅಗಲದ ಬಿಲ್ಲೆಯಾಗಿ ಬೀಳುತ್ತದೆ. ಒಂದು ಬಿಂದು ನಾಲ್ಕು ಪಿಕ್ಸೆಲ್ ಅಗಲಕ್ಕೆ ಹರಡಿದ ಮೇಲೆ ಪಿಕ್ಸೆಲ್ ಹೆಚ್ಚಿದಷ್ಟೇ ಪ್ರಮಾಣದಲ್ಲಿ ವಿವರ ಹೆಚ್ಚುವುದಿಲ್ಲ. ಆದ್ದರಿಂದ ಇಂಥ ಫೋನುಗಳು ಅಕ್ಕಪಕ್ಕದ 4, 9 ಅಥವಾ 16 ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12 ಮೆಗಾಪಿಕ್ಸೆಲ್ ಆಸುಪಾಸಿನ ಚಿತ್ರವನ್ನೇ ಸಾಮಾನ್ಯವಾಗಿ ಕೊಡುತ್ತವೆ. ಈ ಕೂಡಿಕೆಗೆ ಬಿನ್ನಿಂಗ್ ಎಂದು ಹೆಸರು.

ದೂರದ ವಸ್ತುಗಳ ವಿಷಯದಲ್ಲಿ ಅಡ್ಡಿ ಫೋನಿನ ದಪ್ಪ. ಎಂಟೊಂಬತ್ತು ಮಿ.ಮೀ. ದಪ್ಪದಲ್ಲಿ ಉದ್ದನೆಯ ಮಸೂರ ನೆಟ್ಟಗೆ ನಿಲ್ಲದು. ಅಶ್ರಗದಿಂದ ಬೆಳಕನ್ನು 90 ಡಿಗ್ರಿ ತಿರುಗಿಸಿ ಮಸೂರವನ್ನು ಫೋನಿನೊಳಗೆ ಮಲಗಿಸುವ ಪೆರಿಸ್ಕೋಪ್ ರಚನೆ ಇದಕ್ಕೆ ಕಂಡುಕೊಂಡ ಉಪಾಯ. 2019ರ ಹುವಾವೇ ಪಿ30 ಪ್ರೊ ಇದನ್ನು ಜನಪ್ರಿಯಗೊಳಿಸಿತು. ಅದರಿಂದ ದೊರೆಯುವುದು ಫುಲ್ ಫ್ರೇಮಿನ 120 ಮಿ.ಮೀ. ಆಸುಪಾಸಿನ ನೋಟ. ಕಬಿನಿಯ ಹಿನ್ನೀರಿನಲ್ಲಿ ಸಫಾರಿ ವಾಹನದಿಂದ ಚಿರತೆಯ ಚಿತ್ರ ತೆಗೆಯುವವರು ಬಳಸುವ 600 ಮಿ.ಮೀ. ಎಫ್/4 ಮಸೂರದ ರಂಧ್ರವೇ 150 ಮಿ.ಮೀ., ತೂಕ ಸುಮಾರು 3 ಕೆ.ಜಿ. ಲೆಕ್ಕ ಎಷ್ಟೇ ಚುರುಕಾದರೂ ಈ ಅಂತರವನ್ನು ಹಾರಲಾರದು.

ಗಣನಾತ್ಮಕ ಛಾಯಾಗ್ರಹಣ

ಅನೇಕ ಅಪೂರ್ಣ ಚಿತ್ರಗಳಿಂದ ಒಂದು ಪೂರ್ಣ ಚಿತ್ರವನ್ನು ಲೆಕ್ಕದ ಮೂಲಕ ಕಟ್ಟುವುದು ಗಣನಾತ್ಮಕ ಛಾಯಾಗ್ರಹಣ. ಮೊಬೈಲಿನ ಕ್ಯಾಮೆರಾ ಆ್ಯಪ್ ತೆರೆದೊಡನೆ ಸಂವೇದಕ ಚಿತ್ರಗಳನ್ನು ಹಿಡಿಯಲು ಆರಂಭಿಸಿರುತ್ತದೆ. ಅನೇಕ ಫೋನುಗಳಲ್ಲಿ ಗುಂಡಿ ಒತ್ತಿದಾಗ ಬಳಕೆಯಾಗುವುದು ಒತ್ತುವ ಮೊದಲೇ ದಾಖಲಾದ ಚೌಕಟ್ಟುಗಳು. ಅವುಗಳನ್ನು ಒಂದರ ಮೇಲೊಂದು ಸರಿಹೊಂದಿಸಿ ಸರಾಸರಿ ತೆಗೆದಾಗ ನಾಯ್ಸ್ ಚೌಕಟ್ಟುಗಳ ಸಂಖ್ಯೆಯ ವರ್ಗಮೂಲದಷ್ಟು ಇಳಿಯುತ್ತದೆ: ಒಂಬತ್ತು ಚೌಕಟ್ಟಿಗೆ ಮೂರನೆಯ ಒಂದು ಪಾಲು, ಹದಿನಾರಕ್ಕೆ ನಾಲ್ಕನೆಯ ಒಂದು ಪಾಲು. ಮೇಲೆ ಹೇಳಿದ 12 ಪಟ್ಟು ಬೆಳಕಿನ ಕೊರತೆಯನ್ನು ಫೋನು ಬಹುಮಟ್ಟಿಗೆ ತೀರಿಸಿಕೊಳ್ಳುವುದು ಹೀಗೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಗೂಗಲ್‌ಗೆ ಬಂದ ಮಾರ್ಕ್ ಲೆವಾಯ್ ನೇತೃತ್ವದ ತಂಡ ಬೆಳೆಸಿದ ಎಚ್‌ಡಿಆರ್ ಪ್ಲಸ್ ಈ ವಿಧಾನವನ್ನು ದಿನಬಳಕೆಗೆ ತಂದಿತು. ಪ್ರಖರ ಆಕಾಶವೂ ನೆರಳಿನ ಮುಖವೂ ಒಂದೇ ಚಿತ್ರದಲ್ಲಿ ಉಳಿಯುವಂತೆ ಅದು ಬೇಕೆಂದೇ ಕಡಿಮೆ ಬೆಳಕಿನ ಹಲವು ಚೌಕಟ್ಟುಗಳನ್ನು ತೆಗೆದು ಜೋಡಿಸುತ್ತದೆ. 2018ರ ನವೆಂಬರಿನಲ್ಲಿ ಗೂಗಲ್‌ನ ಪಿಕ್ಸೆಲ್ ಫೋನುಗಳಿಗೆ ಬಂದ ನೈಟ್ ಸೈಟ್ ಎಂಬ ರಾತ್ರಿಚಿತ್ರದ ವಿಧಾನ 15ರವರೆಗೆ ಚೌಕಟ್ಟುಗಳನ್ನು ಕೂಡಿಸುತ್ತಿತ್ತು. ಮರುವರ್ಷದ ಪಿಕ್ಸೆಲ್ 4, ಅಲುಗದಂತೆ ನಿಲ್ಲಿಸಿದರೆ, ಸುಮಾರು 4 ನಿಮಿಷದ ಬೆಳಕನ್ನು ಕೂಡಿಸಿ ನಕ್ಷತ್ರಗಳ ಚಿತ್ರ ತೆಗೆಯಿತು.

ದೃಶ್ಯ ನಿಂತಲ್ಲೇ ನಿಂತಿದ್ದರೆ ಈ ಸರಾಸರಿ ಕೆಲಸ ಮಾಡುತ್ತದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ವೇಷಧಾರಿ ಧೀಂಗಿಣ ಹಾಕುವಾಗ ಒಂದು ಚೌಕಟ್ಟಿನಲ್ಲಿದ್ದ ಕೈ ಇನ್ನೊಂದರಲ್ಲಿ ಅಲ್ಲಿರುವುದಿಲ್ಲ. ತಂತ್ರಾಂಶ ಆ ಭಾಗಕ್ಕೆ ಒಂದೇ ಚೌಕಟ್ಟನ್ನು ನೆಚ್ಚಬೇಕಾಗುತ್ತದೆ; ರಂಗದ ಹಿನ್ನೆಲೆ ನುಣುಪಾಗಿ ಬಂದು ವೇಷ ಮಾತ್ರ ಕದಡಿದಂತಾಗುತ್ತದೆ. ಎಫ್/2.8 ಮಸೂರ, ಸೆಕೆಂಡಿನ 500ನೆಯ ಒಂದು ಪಾಲಿನ ಶಟರ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯ ಅಳತೆ) 3200 ಅಥವಾ 6400 ಇಟ್ಟುಕೊಂಡ ಫುಲ್ ಫ್ರೇಮ್ ಕ್ಯಾಮೆರಾ ಅದೇ ಕ್ಷಣವನ್ನು ಒಂದೇ ಹಿಡಿತದಲ್ಲಿ ನಿಲ್ಲಿಸುತ್ತದೆ. ಎರಡು ಉಪಕರಣಗಳ ನಿಜವಾದ ಗಡಿ ಇಲ್ಲಿ ಕಾಣುತ್ತದೆ. ಕತ್ತಲೆಯೊಂದನ್ನೇ ಅಥವಾ ವೇಗವೊಂದನ್ನೇ ಮೊಬೈಲು ನಿಭಾಯಿಸಬಲ್ಲದು, ಎರಡೂ ಒಟ್ಟಿಗೆ ಎದುರಾದರೆ ಸೋಲುತ್ತದೆ.

ಪೋರ್ಟ್ರೇಟ್ ವಿಧಾನದಲ್ಲಿ ಹಿನ್ನೆಲೆಯ ಮಸುಕೂ ಲೆಕ್ಕದ್ದೇ. 2016ರ ಐಫೋನ್ 7 ಪ್ಲಸ್ ಎರಡು ಕ್ಯಾಮೆರಾಗಳ ನೋಟದ ವ್ಯತ್ಯಾಸದಿಂದ ದೂರವನ್ನು ಅಂದಾಜಿಸಿ ಹಿನ್ನೆಲೆಯನ್ನು ಮಸುಕಾಗಿಸಿತು. 2017ರ ಪಿಕ್ಸೆಲ್ 2 ಹಿಂಬದಿಯ ಒಂದೇ ಕ್ಯಾಮೆರಾದಿಂದ ಅದನ್ನು ಸಾಧಿಸಿತು. ಕೆದರಿದ ಕೂದಲು, ಕನ್ನಡಕದ ಅಂಚು, ಮುಡಿದ ಮಲ್ಲಿಗೆ ದಂಡೆಯ ಎಸಳುಗಳ ನಡುವಿನ ಸಂದು ಇವುಗಳಲ್ಲಿ ಅಂದಾಜು ತಪ್ಪಿ ಕತ್ತರಿಸಿ ಅಂಟಿಸಿದಂತೆ ಕಾಣುವುದು ಈ ವಿಧಾನದ ಪರಿಚಿತ ದೋಷ.

ವಿಧಗಳು

ಮೊಬೈಲುಗಳಲ್ಲಿ ಮುಖ್ಯ, ಅಗಲನೋಟ, ದೂರನೋಟ ಮತ್ತು ಮುಂಬದಿಯ ಸೆಲ್ಫಿ ಎಂದು ನಾಲ್ಕು ಬಗೆಯ ಕ್ಯಾಮೆರಾಗಳಿರುತ್ತವೆ. ಅಗ್ಗದ ಫೋನುಗಳ ಬೆನ್ನಲ್ಲಿ ಕಾಣುವ 2 ಮೆಗಾಪಿಕ್ಸೆಲ್ ಹೆಚ್ಚುವರಿ ಕಣ್ಣುಗಳಿಂದ ಚಿತ್ರಕ್ಕೆ ದೊರೆಯುವ ಪ್ರಯೋಜನ ಅತ್ಯಲ್ಪ. ಸಂವೇದಕವನ್ನೇ ಹಿರಿದಾಗಿಸಿದ ಫೋನುಗಳು ಒಂದು ಪ್ರತ್ಯೇಕ ವರ್ಗ. ಒಂದು ಇಂಚಿನ ಸಂವೇದಕವುಳ್ಳ ಪ್ಯಾನಸಾನಿಕ್ ಸಿಎಂ1 2014ರಲ್ಲಿ, ಶಿಯೋಮಿ 12ಎಸ್ ಅಲ್ಟ್ರಾ 2022ರಲ್ಲಿ ಬಂದವು. ಲೈಕಾ, ಝೈಸ್, ಹ್ಯಾಸಲ್‌ಬ್ಲಾಡ್ ಎಂಬ ಹಳೆಯ ಹೆಸರುಗಳು ಮೊಬೈಲುಗಳ ಮೇಲೆ ಕಾಣಿಸುವುದು ಕಂಪನಿಗಳ ನಡುವಿನ ಸಹಭಾಗಿತ್ವದಿಂದ.

ಸ್ವತಂತ್ರ ಕ್ಯಾಮೆರಾಗಳಲ್ಲಿ ಕಾಂಪ್ಯಾಕ್ಟ್, ಬ್ರಿಡ್ಜ್, ಡಿಎಸ್‌ಎಲ್‌ಆರ್, ಮಿರರ್‌ಲೆಸ್, ಮೀಡಿಯಂ ಫಾರ್ಮ್ಯಾಟ್ ಹಾಗೂ ಆ್ಯಕ್ಷನ್ ಕ್ಯಾಮೆರಾ ಪ್ರಮುಖ. ಮೊದಲ ಮಿರರ್‌ಲೆಸ್, ಪ್ಯಾನಸಾನಿಕ್ ಜಿ1, 2008ರದು. 2013ರಲ್ಲಿ ಸೋನಿ ಎ7 ಫುಲ್ ಫ್ರೇಮನ್ನು ಆ ರಚನೆಗೆ ತಂದಿತು. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಕಾಲಿಟ್ಟವು. ಗಣನಾತ್ಮಕ ವಿಧಾನಗಳು ಈ ಕಡೆಗೂ ದಾಟಿವೆ: 2019ರ ಒಲಿಂಪಸ್ ಇ-ಎಂ1ಎಕ್ಸ್ ಕೈಯಲ್ಲಿ ಹಿಡಿದೇ ಹಲವು ಚೌಕಟ್ಟುಗಳನ್ನು ಕೂಡಿಸಿ ಹೆಚ್ಚು ವಿವರದ ಚಿತ್ರ ಕೊಡುತ್ತಿತ್ತು. ಆದರೂ ಕ್ಯಾಮೆರಾ ಕಂಪನಿಗಳು ಈ ವಿಷಯದಲ್ಲಿ ನಿಧಾನಿಗಳೇ.

ಕಡತದ ಸ್ವರೂಪದಲ್ಲೂ ಭೇದವಿದೆ. ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ ಸಂವೇದಕದ ಅಂಕಿಗಳನ್ನು ಸಂಸ್ಕರಿಸದೆ ಹಸಿಯಾಗಿಯೇ ಇಡುವ, ದೊಡ್ಡ ಕ್ಯಾಮೆರಾಗಳ 14 ಬಿಟ್ ರಾ ಕಡತದಲ್ಲಿ 16,384 ಹಂತಗಳು. ಆಂಡ್ರಾಯ್ಡ್ 2014ರಲ್ಲಿ, ಐಫೋನ್ 2016ರಲ್ಲಿ ರಾ ಕಡತಕ್ಕೆ ದಾರಿ ಮಾಡಿಕೊಟ್ಟವು. ಆ್ಯಪಲ್ 2020ರಲ್ಲಿ ತಂದ ಪ್ರೊರಾ, ಹೆಸರಿಗೆ ‘ಹಸಿ’ ಕಡತವಾದರೂ, ಹಲವು ಚೌಕಟ್ಟುಗಳನ್ನು ಆಗಲೇ ಕೂಡಿಸಿ ಬೇಯಿಸಿದ್ದು.

ಬಳಕೆ

ಮುದ್ರಣದ ಅಗತ್ಯದಿಂದ ನೋಡಿದರೆ, ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ 12 ಮೆಗಾಪಿಕ್ಸೆಲ್ ಚಿತ್ರ 13×10 ಇಂಚಿಗೆ ಸಾಕು. ಸಾಮಾನ್ಯ ಫೋನಿನ ಪರದೆಗೆ 3 ಮೆಗಾಪಿಕ್ಸೆಲ್ಲೂ ಹೆಚ್ಚೇ. ಮದುವೆ ಸ್ಟುಡಿಯೊಗಳು ಮಾಡಿಕೊಡುವ 12×36 ಇಂಚಿನ ಆಲ್ಬಮ್ ಹಾಳೆಯನ್ನು ಒಂದೇ ಚಿತ್ರದಿಂದ ತುಂಬಲು ಮಾತ್ರ ಸುಮಾರು 39 ಮೆಗಾಪಿಕ್ಸೆಲ್ ಬೇಕು. ಮಂಟಪದ ಕಡಿಮೆ ಬೆಳಕು, ಹೊರಗಿನ ಫ್ಲ್ಯಾಶುಗಳ ಜೋಡಣೆ, ದಿನವಿಡೀ ನಡೆಯುವ ಕೆಲಸ, ಎರಡು ಕಾರ್ಡುಗಳಿಗೆ ಏಕಕಾಲಕ್ಕೆ ಬರೆಯುವ ಸೌಲಭ್ಯ ಇವುಗಳಿಂದಾಗಿ ಮದುವೆಯ ಛಾಯಾಗ್ರಹಣ ದೊಡ್ಡ ಕ್ಯಾಮೆರಾದ ಬಳಿಯೇ ಉಳಿದಿದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ದಿನ, ಸ್ಥಳದ ವಿವರಗಳೂ ಕಳಚುತ್ತವೆ. ಮುದ್ರಣಕ್ಕೆ ಕಳಿಸುವವರು ಅದನ್ನು ಡಾಕ್ಯುಮೆಂಟ್ ಆಗಿ ಕಳಿಸುವ ರೂಢಿ ಇದರಿಂದ ಬಂದದ್ದು.

ವನ್ಯಜೀವಿ ಛಾಯಾಗ್ರಹಣಕ್ಕೆ ಕರ್ನಾಟಕದಲ್ಲಿ ಗಟ್ಟಿ ಪರಂಪರೆಯಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಮುಂತಾದವರು ಫಿಲ್ಮ್ ಕ್ಯಾಮೆರಾದಲ್ಲಿ ಕಟ್ಟಿದ ಪರಂಪರೆ ಅದು. ಮೂಡಿಗೆರೆಯಲ್ಲಿ ನೆಲೆಸಿದ್ದ ಲೇಖಕ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರೂ ಹಕ್ಕಿಗಳ ಚಿತ್ರಗಳಿಗೆ ಹೆಸರಾದವರು. ರಂಗನತಿಟ್ಟಿನ ಹಾರುವ ಕೊಕ್ಕರೆ ಇಂದಿಗೂ ಉದ್ದ ಮಸೂರದ ವಸ್ತು. ಕಪ್ಪೆ, ಜೇಡ, ಅಣಬೆಗಳಂಥ ಹತ್ತಿರದ ವಸ್ತುಗಳಲ್ಲಿ ಮೊಬೈಲು ಚೆನ್ನಾಗಿಯೇ ನಿಲ್ಲುತ್ತದೆ.

ಸುದ್ದಿ ಛಾಯಾಗ್ರಹಣದಲ್ಲಿ ಮೊಬೈಲಿನ ಪ್ರವೇಶ ನೆಮ್ಮದಿಯದಾಗಿರಲಿಲ್ಲ. 2012ರಲ್ಲಿ ಸ್ಯಾಂಡಿ ಚಂಡಮಾರುತದ ಸಂದರ್ಭದಲ್ಲಿ ಛಾಯಾಗ್ರಾಹಕ ಬೆಂಜಮಿನ್ ಲೋವಿ ಐಫೋನಿನಲ್ಲಿ ತೆಗೆದ ಚಿತ್ರ ‘ಟೈಮ್’ ಪತ್ರಿಕೆಯ ಮುಖಪುಟವಾಯಿತು. ಮರುವರ್ಷ ಮೇ ತಿಂಗಳಲ್ಲಿ ‘ಶಿಕಾಗೊ ಸನ್-ಟೈಮ್ಸ್’ ತನ್ನ 28 ಛಾಯಾಗ್ರಾಹಕರನ್ನು ಒಟ್ಟಿಗೆ ಕೆಲಸದಿಂದ ತೆಗೆದು ವರದಿಗಾರರಿಗೆ ಐಫೋನ್ ತರಬೇತಿ ಕೊಡಲು ಹೊರಟಿತು. ಸಿನಿಮಾದಲ್ಲಿ ಶಾನ್ ಬೇಕರ್ ನಿರ್ದೇಶನದ ‘ಟ್ಯಾಂಜರಿನ್’ (2015) ಐಫೋನ್ 5ಎಸ್‌ನಲ್ಲಿ ಚಿತ್ರೀಕರಣಗೊಂಡಿತು.

ಚಿತ್ರ ದಾಖಲೆಯೂ ಆಗುವ ಕಡೆ ಮೊಬೈಲಿಗೆ ಎದುರಾಳಿಯೇ ಇಲ್ಲ. ಕರ್ನಾಟಕದಲ್ಲಿ 2020ರಿಂದ ರೈತರೇ ತಮ್ಮ ಸರ್ವೆ ನಂಬರಿನ ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆ ಆ್ಯಪ್‌ಗೆ ಸೇರಿಸುತ್ತಾರೆ. ಉದ್ಯೋಗ ಖಾತ್ರಿ ಕಾಮಗಾರಿಗಳ ಹಾಜರಾತಿಗೆ 2021ರಲ್ಲಿ ಬಂದ ಎನ್‌ಎಂಎಂಎಸ್ ಆ್ಯಪ್ ಕೂಡ ಸ್ಥಳದ ಗುರುತಿರುವ ಫೋಟೊವನ್ನೇ ಕೇಳುತ್ತದೆ. ಇಲ್ಲಿ ಬೇಕಾದದ್ದು ಚಿತ್ರದ ಸೊಗಸಲ್ಲ. ಯಾವ ಹೊಲ, ಯಾವ ಹೊತ್ತು ಎಂಬ ಗುರುತು ಮತ್ತು ಅಲ್ಲಿಂದಲೇ ಕಳಿಸಲು ನೆಟ್‌ವರ್ಕ್. ಲಕ್ಷಗಟ್ಟಲೆ ಬೆಲೆಯ ಕ್ಯಾಮೆರಾ ಈ ಕೆಲಸಕ್ಕೆ ಒದಗದು.

ನೈಜತೆಯ ಪ್ರಶ್ನೆ

ಲೆಕ್ಕದಿಂದ ಕಟ್ಟಿದ ಚಿತ್ರ ಎಷ್ಟರ ಮಟ್ಟಿಗೆ ದಾಖಲೆ ಎಂಬ ಚರ್ಚೆ 2023ರ ಮಾರ್ಚ್‌ನಲ್ಲಿ ಚಂದ್ರನ ಚಿತ್ರಗಳಿಂದ ಬಿರುಸಾಯಿತು. ಬಳಕೆದಾರರೊಬ್ಬರು ಬೇಕೆಂದೇ ಮಸುಕಾಗಿಸಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯಲ್ಲಿಟ್ಟು ಸ್ಯಾಮ್‌ಸಂಗ್ ಫೋನಿನಿಂದ ತೆಗೆದಾಗ, ಮೂಲದಲ್ಲಿ ಇಲ್ಲದ ಕುಳಿಗಳ ವಿವರ ಕಾಣಿಸಿಕೊಂಡಿತು. ಚಂದ್ರನನ್ನು ಗುರುತಿಸಿ ವಿವರವನ್ನು ಹೆಚ್ಚಿಸಲು ಕೃತಕ ಬುದ್ಧಿಮತ್ತೆಯನ್ನು ಬಳಸಲಾಗುತ್ತದೆ ಎಂದು ಕಂಪನಿ ವಿವರಣೆ ನೀಡಿತು. ಚೌಕಟ್ಟುಗಳ ಸರಾಸರಿ ಇದ್ದ ಬೆಳಕನ್ನೇ ಕೂಡಿಸುತ್ತದೆ. ಕಲಿತ ಮಾದರಿಯಿಂದ ವಿವರ ತುಂಬುವುದು ಇಲ್ಲದ್ದನ್ನು ಸೇರಿಸುತ್ತದೆ. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಸರಿಯಲ್ಲ.

ಚಿತ್ರ ಎಲ್ಲಿ, ಯಾವುದರಿಂದ ಹುಟ್ಟಿತು, ಆಮೇಲೆ ಏನೇನು ತಿದ್ದಲಾಯಿತು ಎಂಬುದನ್ನು ಕಡತದಲ್ಲೇ ಸಹಿಯಂತೆ ಬರೆದಿಡುವ ಸಿ2ಪಿಎ ಮಾನದಂಡ ಈ ಪ್ರಶ್ನೆಗೆ ಒಂದು ಉತ್ತರ. 2023ರ ಅಕ್ಟೋಬರಿನಲ್ಲಿ ಬಂದ ಲೈಕಾ ಎಂ11-ಪಿ ಅದನ್ನು ಅಳವಡಿಸಿಕೊಂಡ ಮೊದಲ ಕ್ಯಾಮೆರಾ. 2025ರ ಪಿಕ್ಸೆಲ್ 10 ಫೋನುಗಳೂ ಅದನ್ನು ಪಡೆದಿವೆ.

ಇಂದಿನ ಸ್ಥಿತಿ

ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಪಾದ ಅಂಕಿಗಳಂತೆ ಸದಸ್ಯ ಕಂಪನಿಗಳು 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳನ್ನು ರವಾನಿಸಿದ್ದವು. 2023ರಲ್ಲಿ ಆ ಸಂಖ್ಯೆ ಸುಮಾರು 77 ಲಕ್ಷ. ಸ್ಮಾರ್ಟ್‌ಫೋನುಗಳಾದರೋ 2013ರಿಂದೀಚೆಗೆ ವರ್ಷಕ್ಕೆ 100 ಕೋಟಿ ಮೀರಿ ಮಾರಾಟವಾಗುತ್ತಿವೆ. ಮೊಬೈಲು ಅಳಿಸಿಹಾಕಿದ್ದು ಮುಖ್ಯವಾಗಿ ಪುಟ್ಟ ಕಾಂಪ್ಯಾಕ್ಟ್ ಕ್ಯಾಮೆರಾಗಳನ್ನು. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು, ಕ್ಯಾಸಿಯೊ 2018ರಲ್ಲಿ ಕಾಂಪ್ಯಾಕ್ಟ್ ಕ್ಯಾಮೆರಾಗಳಿಂದ ಹಿಂದೆ ಸರಿಯಿತು, ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಮಾರಿತು. ಮಸೂರ ಬದಲಿಸುವ ಕ್ಯಾಮೆರಾಗಳು 2012ರಲ್ಲಿ 2 ಕೋಟಿಯ ಶಿಖರ ಮುಟ್ಟಿ 2023ರಲ್ಲಿ 60 ಲಕ್ಷದ ಆಸುಪಾಸಿನಲ್ಲಿದ್ದವು.

ಉಳಿದ ಮಾರುಕಟ್ಟೆ ದುಬಾರಿಯೂ ಪರಿಣತರದೂ ಆಗಿದೆ. 2023ರ ನವೆಂಬರಿನಲ್ಲಿ ಪ್ರಕಟವಾದ ಸೋನಿ ಎ9 III ಇಡೀ ಸಂವೇದಕವನ್ನು ಒಂದೇ ಕ್ಷಣದಲ್ಲಿ ಓದಿ ಸೆಕೆಂಡಿಗೆ 120 ಚಿತ್ರ ತೆಗೆಯುತ್ತದೆ. ಕಾಂಪ್ಯಾಕ್ಟ್ ವರ್ಗ 2024ರಲ್ಲಿ ಮತ್ತೆ ಚಿಗುರಿತು. ಆ ವರ್ಷ ಬಂದ ಫ್ಯೂಜಿಫಿಲ್ಮ್ ಎಕ್ಸ್100 VI ಬೇಡಿಕೆಗೆ ಸಾಲದಾಯಿತು, ಸಿಪಾದ ಒಟ್ಟು ರವಾನೆ ಸುಮಾರು 85 ಲಕ್ಷಕ್ಕೆ ಏರಿತು. ಮಾರುಕಟ್ಟೆಗಳು ಬೇರೆಯಾದರೂ ಎರಡು ಉಪಕರಣಗಳ ನಂಟು ಕಡಿದಿಲ್ಲ: ಸೋನಿ ಕಂಪನಿ ತನ್ನ ಆಲ್ಫಾ ಕ್ಯಾಮೆರಾಗಳಿಗೂ ಆ್ಯಪಲ್‌ನ ಐಫೋನುಗಳಿಗೂ ಸಂವೇದಕಗಳನ್ನು ತಯಾರಿಸುತ್ತದೆ.